ಕೆಂಪು ಬಾವುಟದ ಬಳಿ ತಿರುಗುವ ಕಾಕ್

ಬಸವಕಲ್ಯಾಣ
೫ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಕಿರಣ ಅವರಿಗೆ ಪೂನಂಳ ಶರಣು.

ನಿಮ್ಮ ಎರಡನೇ ಪಿಸ್ಟನ್ ಒಡೆದದ್ದು ಕಾರ್ಬುರೇಟರಿನ ಜೆಟ್ಟಿನ ತೂತು ಸಣ್ಣದಾಗಿದ್ದರಿಂದ ಅಲ್ಲ, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಎಣ್ಣೆ ಬದಲಿಸುವ ನಲ್ಲಿಯಂಥ ಹಿತ್ತಾಳೆ ಕಾಕ್‌ನಿಂದ. ಇದನ್ನು ಹೇಳಿದವರು ಮಾವನವರು, ನಿನ್ನೆ ಸಂಜೆ ಹುಮನಾಬಾದಿನ ಗ್ಯಾರೇಜಿನ ಬಾಗಿಲಲ್ಲಿ, ನೀವು ಕೊರಿಯರಿನಲ್ಲಿ ಕಳಿಸಿದ ಎರಡೂ ಪಿಸ್ಟನ್‌ಗಳನ್ನು ಇಳಿಬಿಸಿಲಿಗೆ ಹಿಡಿದು. ಭಾನುವಾರ ನೀವೇ ಆ ಗಾಡಿ ಹತ್ತುತ್ತೀರಿ ಎಂದು ಗೊತ್ತಾದ ಮೇಲೆ ಇದಕ್ಕಿಂತ ಮೊದಲು ಬರೆಯುವ ವಿಷಯ ನನಗೆ ಬೇರೆ ಹೊಳೆಯಲಿಲ್ಲ. ಅಪ್ಪನ ಪೇಪರ್ ಏಜೆನ್ಸಿಯಲ್ಲಿ ಕಟ್ಟು ಬಿಚ್ಚುತ್ತ ಬೆಳೆದವಳು, ಮೊದಲ ಸಾಲಿನಲ್ಲಿ ಸುದ್ದಿ ಇರದಿದ್ದರೆ ನನಗೆ ಸಮಾಧಾನವಿಲ್ಲ ಎಂದು ನಿಮಗೆ ಗೊತ್ತೇ ಇದೆ.

ಈಗ ಕೇಳುತ್ತೇನೆ, ಹೇಗಿದ್ದೀರಿ? ಬೆರಳ ತುದಿ ಒಡೆದು ಸ್ಪ್ಯಾನರ್ ಹಿಡಿಯಲು ಆಗುತ್ತಿಲ್ಲ ಎಂದಿದ್ದಿರಿ. ಅತ್ತೆ ಮೇಣ ಕರಗಿಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಡಬ್ಬಿ ತುಂಬಿದ್ದಾರೆ. "ಹಚ್ಕೊಂಡು ಮಲಗು ಅಂತ ಬರಿ, ಡಬ್ಬಿ ನೋಡ್ಕೋತ ಕುಂಡ್ರಬ್ಯಾಡ ಅಂತಾನೂ ಬರಿ" ಎಂದಿದ್ದಾರೆ, ಎರಡನ್ನೂ ಬರೆದಿದ್ದೇನೆ. ಅವರ ಮೊಣಕಾಲು ಚಳಿ ಇಳಿದ ಮೇಲೆ ವಾಸಿ. ಮಾವನವರು ಗಟ್ಟಿಯಾಗಿದ್ದಾರೆ, ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹುಮನಾಬಾದಿಗೆ ಹೋಗುವುದನ್ನು ಬಿಟ್ಟಿಲ್ಲ. ಆ ಗಾಡಿ ಓಡಿಸುವಾಗ ಕಾಲರ್ ಎಲುಬು ಮುರಿದುಕೊಂಡ ಮುಷ್ತಾಕ್ ಭಾಯಿಯನ್ನು ನಮ್ಮ ಮನೆಯವರೆಲ್ಲ ಕೇಳಿದ್ದಾರೆ ಎಂದು ಹೇಳಿ. ಇನ್ನೊಂದು ಮಾತು. ಡ್ರಮ್ಮಿನಿಂದ ಎಣ್ಣೆ ತೆಗೆಯುವಾಗ ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡಿ. ಇಲ್ಲಿ ಎಲ್ಲರೂ ಹಾಗೆಯೇ ಎಳೆಯುತ್ತಾರೆ, ನಿಮಗೂ ಅದೇ ರೂಢಿ. ಆದರೆ ಆ ನೀಲಿ ಎಣ್ಣೆಯಲ್ಲಿ ಸೀಸ ಇರುತ್ತದೆ, ನಾನು ಓದಿ ಖಚಿತ ಮಾಡಿಕೊಂಡಿದ್ದೇನೆ. ಗಯಾಸುದ್ದೀನ್ ಚಾಚಾ ತರುವ ಪೆಟ್ಟಿಗೆಯಲ್ಲಿ ಒಂದು ಕೈಪಂಪು ಇಟ್ಟಿದ್ದೇನೆ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬಹುದು. ನಮ್ಮ ಪ್ರಿಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ವೈಫೈ ಮೂಲಕ ಕಳಿಸಿದ ನಾಲ್ಕೂ ಸಂದೇಶಗಳಿಗೆ ಭಾನುವಾರದಿಂದ ಒಂದೇ ಟಿಕ್ಕು. ಸೋಮವಾರ ಹೋಟೆಲಿನ ಫೋನಿಗೆ ಸಿಕ್ಕಿರಿ, "ಜೆಟ್ ಇನ್ನೊಂದು ಸೈಜ್ ದೊಡ್ಡದು ಹಾಕೇನಿ, ಈ ಸಲ ಏನೂ ಆಗಂಗಿಲ್ಲ, ಮುಷ್ತಾಕನ ಬದ್ಲಿ ನಾನೇ ಹತ್ತತೇನಿ" ಎಂದು ಹೇಳಿ ಇಟ್ಟುಬಿಟ್ಟಿರಿ. ನಿನ್ನೆ ಫೋನು ಮಾಡಿದರೆ ಗುಡ್ಡದ ಮೇಲೆ ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇವೆ ಎಂದರು. ಹೇಳಿದರೋ ಇಲ್ಲವೋ ತಿಳಿಯದು. ಗಯಾಸುದ್ದೀನ್ ಚಾಚಾ ಬಾದಾಮಿ, ಅಕ್ರೋಟು ಖರೀದಿಗೆ ಶುಕ್ರವಾರ ಹೈದರಾಬಾದಿನಿಂದ ಶ್ರೀನಗರಕ್ಕೆ ಹೋಗುತ್ತಾರೆ. ಶನಿವಾರ ಗುಲ್ಮಾರ್ಗಿಗೆ ತಾವೇ ಬಂದು ಕೊಡುತ್ತೇನೆ ಎಂದಿದ್ದಾರೆ. ಇದನ್ನು ನೀವು ಮುಷ್ತಾಕ್ ಭಾಯಿಗೂ ನಿಮ್ಮ ಮಾಲೀಕರಿಗೂ ಹಿಂದಿಯಲ್ಲಿ ಓದಿ ಹೇಳಬೇಕು. ಅದಕ್ಕೆಂದೇ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ತಪ್ಪಿದ್ದರೆ ಗೀಟು ಹಾಕಿ.

ನಿಮ್ಮ ಗಾಡಿ ಹಿಮದ ಮೇಲೆ ಓಡುವಂಥದ್ದು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಒಂದು ರಬ್ಬರ್ ಪಟ್ಟೆ, ಚಕ್ರವಿಲ್ಲ. (ಅತ್ತೆ ಓಣಿಯಲ್ಲಿ "ಅದು ಗಾಡಿನೂ ಅಲ್ಲ, ದೋಣಿನೂ ಅಲ್ಲ, ನಮ್ಮ ಹುಡುಗ ಅದರ ಮ್ಯಾಲ ಕುಂತು ಗುಡ್ಡ ಏರತಾನ" ಎಂದು ಹೇಳುತ್ತಾರೆ.) ಎಂಜಿನ್ ಮಾತ್ರ ನಮ್ಮದೇ ಜಾತಿ, ಟೂ-ಸ್ಟ್ರೋಕ್. ಇಲ್ಲಿ ಟೂ-ಸ್ಟ್ರೋಕ್ ಬೈಕುಗಳು ಒಂದೊಂದಾಗಿ ರಸ್ತೆ ಬಿಟ್ಟ ಮೇಲೆ ನಿಮ್ಮ ಕೈಗೆ ಕೆಲಸ ಇದ್ದದ್ದು ಆ ಬೆಟ್ಟದಲ್ಲಿ ಮಾತ್ರ. ಗುಡ್ಡ ಹತ್ತುವ ಓಟಕ್ಕೆ ಸಾಮಾನ್ಯ ಪೆಟ್ರೋಲಿನ ಶಕ್ತಿ ಸಾಲದೆಂದು ನೀವು ಸಿಲಿಂಡರಿನ ತಲೆ ಉಜ್ಜಿ ಒತ್ತಡ ಏರಿಸಿದಿರಿ. ಏರಿದ ಒತ್ತಡಕ್ಕೆ ಪೆಟ್ರೋಲು ತಡೆಯುವುದಿಲ್ಲ, ಕಿಡಿಯ ಬೆಂಕಿ ಹರಡುತ್ತಿರುವಾಗಲೇ ಉಳಿದ ಪೆಟ್ರೋಲು ತಾನಾಗಿ ಸಿಡಿಯುತ್ತದೆ. ಅದಕ್ಕಾಗಿ ಚಿಕ್ಕ ವಿಮಾನಗಳಿಗೆ ಹಾಕುವ ನೀಲಿ ಪೆಟ್ರೋಲನ್ನು ಮಾಲೀಕರು ತರಿಸಿದರು, ನೀವು ಅರ್ಧಕ್ಕರ್ಧ ಬೆರೆಸಿ ದೊಡ್ಡ ಟ್ಯಾಂಕಿಗೆ ಹಾಕಿದಿರಿ. ಬೀದರಿನ ಮೇಲೆ ಗುಡುಗುತ್ತ ಹೋಗುವ ವಾಯುಪಡೆಯ ವಿಮಾನಗಳ ಎಣ್ಣೆಯೇ ಇದು ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಂದಾಗ ಮಾವನವರು "ಅದು ಘಾಸ್ಲೇಟಿನ ತಮ್ಮ, ಇದು ಪೆಟ್ರೋಲಿನ ಅಣ್ಣ, ಎರಡಕ್ಕೂ ಸಂಬಂಧ ಹಚ್ಚಬ್ಯಾಡ" ಎಂದು ಸೀಮೆಎಣ್ಣೆಯ ಹೆಸರು ತೆಗೆದು ತಿದ್ದಿದ್ದರು.

ತೊಂದರೆ ಇದ್ದದ್ದು ಒಂದೇ. ಆ ಮಿಶ್ರಣ ಮೈಕೊರೆಯುವ ಚಳಿಯಲ್ಲಿ ಬೇಗ ಆವಿಯಾಗುವುದಿಲ್ಲ, ಎಂಜಿನ್ ಹತ್ತಿಕೊಳ್ಳುವುದಿಲ್ಲ. ಆಗ ನಿಮಗೆ ನಮ್ಮ ಹೊಲದ ಪಂಪಿನ ನೆನಪಾಯಿತು. ಪೆಟ್ರೋಲಿನಲ್ಲಿ ಶುರು ಮಾಡುವುದು, ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಘಾಸ್ಲೇಟಿನಲ್ಲಿ ಓಡಿಸುವುದು, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸುವುದು. ನೀವು ಊರು ಬಿಡುವಾಗ ಮಾವನವರು ತಮ್ಮ ಮೊದಲ ಪಂಪಿನಿಂದ ಬಿಚ್ಚಿ ಕೊಟ್ಟ ಹಿತ್ತಾಳೆ ಕಾಕನ್ನೇ ಹಾಕಿ, ಸಣ್ಣ ಟ್ಯಾಂಕಿನಲ್ಲಿ ಬರೀ ಪೆಟ್ರೋಲು, ದೊಡ್ಡದರಲ್ಲಿ ಮಿಶ್ರಣ ಇಟ್ಟಿರಿ. ಆ ಫೋಟೋ ಬಂದ ದಿನ ಮಾವನವರು ಚಹಾದಂಗಡಿಯಲ್ಲಿ ಎಲ್ಲರಿಗೂ ತೋರಿಸಿದರು. "ಕಾಶ್ಮೀರದಾಗ ನಮ್ಮ ಹುಮನಾಬಾದಿ ಕಾಕ್ ಓಡಾಕತ್ತದ" ಎನ್ನುವುದು ಎರಡು ವಾರ ಅವರ ಬಾಯಿಂದ ಇಳಿಯಲಿಲ್ಲ.

ಮೊದಲ ಪಿಸ್ಟನ್ ಬಂದಾಗ ಅದರ ಒಂದು ಬದಿಯೇ ಹಾರಿಹೋಗಿತ್ತು. ನೀವು ಏನೂ ಬರೆದಿರಲಿಲ್ಲ, ಬರೀ ಪಿಸ್ಟನ್. ಅಪ್ಪ-ಮಗ ಹೀಗೆಯೇ ಮಾತಾಡುವುದು ಎಂದು ನಾನು ಸುಮ್ಮನಿದ್ದೆ. ಮಾವನವರು ಅದನ್ನು ತಿರುಗಿಸಿ ನೋಡಿ, ಎಣ್ಣೆ ಕಡಿಮೆ ಇಳಿದು ಒಣಗಿ ಸುಟ್ಟಿದೆ, ಜೆಟ್ಟಿನ ತೂತು ಒಂದು ಸೈಜ್ ದೊಡ್ಡದು ಮಾಡು ಎಂದು ಹೇಳಿ ಕಳಿಸಿದರು. ಅದೂ ಸುಳ್ಳಲ್ಲ, ವಿಮಾನದ ಪೆಟ್ರೋಲು ಹಗುರ, ಅದೇ ತೂತಿನಲ್ಲಿ ಕಡಿಮೆಯೇ ಇಳಿಯುತ್ತದೆ. ಆಮೇಲೆ ಬಾಗಿಲ ಮೇಲಿನ ತಂತಿಗೆ ಪಿಸ್ಟನ್ ತೂಗು ಹಾಕಿದರು. ಆ ಗ್ಯಾರೇಜಿನಲ್ಲಿ ಒಡೆದ ಪಿಸ್ಟನ್ ಯಾರದ್ದಾದರೂ ತಂತಿಗೆ ಏರಲೇಬೇಕು, ಗಾಡಿ ಒಂದು ಹಂಗಾಮು ಸರಿಯಾಗಿ ಓಡಿದ ಮೇಲೆ ಮಾಲೀಕನೇ ಬಂದು ಇಳಿಸಿಕೊಳ್ಳಬೇಕು. ಮಗ ಎಂದು ನಿಮಗೇನೂ ವಿನಾಯಿತಿ ಸಿಗಲಿಲ್ಲ. ಎರಡನೆಯದು ಬಂದಾಗ ಅದರ ಜೊತೆ ಸುದ್ದಿಯೂ ಬಂತು. ಮೊದಲ ಸಲ ಒಡೆದ ಅದೇ ಏರಿನಲ್ಲಿ, ಅಲ್ಲಿ ನೆಟ್ಟ ಕೆಂಪು ಬಾವುಟ ದಾಟಿ ಸ್ವಲ್ಪ ಮೇಲೆ, ಪೂರ್ತಿ ವೇಗದಲ್ಲಿ ಎಂಜಿನ್ ಕಚ್ಚಿಕೊಂಡು ಪಟ್ಟೆ ನಿಂತು, ಗಾಡಿ ಹಿಂದಕ್ಕೆ ಉರುಳಿ ಮುಷ್ತಾಕ್ ಭಾಯಿಯ ಮೇಲೆ ಬಿತ್ತು. ಮಾವನವರು ಅದನ್ನೂ ತಂತಿಗೆ ಏರಿಸಿದರು. ಎರಡೂ ಸಲ ಅದೇ ಜಾಗ ಯಾಕೆ ಎಂದು ನಾನು ಕೇಳಿದೆ. "ಅಲ್ಲಿ ಚಡಾವು ಜಾಸ್ತಿ, ಎಂಜಿನಿಗೆ ಜೋರು ಬೀಳತದ" ಎಂದರು. ನನಗೂ ಸರಿ ಅನಿಸಿತು. ನಿಮಗೂ ಹಾಗೇ ಅನಿಸಿರಬೇಕು.

ನಿನ್ನೆ ಕೊಹಿನೂರು ಹಳ್ಳಿಗೆ ಹೋಗಿದ್ದೆವು. ದೇವಿದಾಸ ಕಾಕಾನ ಬಾವಿಯ ಹಳೆಯ ಪಂಪು ಕೆಟ್ಟಿತ್ತು, ರಿಪೇರಿಯಾದ ಕಾರ್ಬುರೇಟರನ್ನು ಮಾವನವರು ಕೂಡಿಸಬೇಕಿತ್ತು, ಸ್ಕೂಟಿಯಲ್ಲಿ ನಾನು ಕರೆದೊಯ್ದೆ. ಜೋಳ ತೆನೆ ಕಟ್ಟಿದೆ, ಕರೆಂಟು ಹೊತ್ತಿಗೆ ಬರುವುದಿಲ್ಲ, ಹೀಗಾಗಿ ಆ ಪಂಪಿಗೆ ಮತ್ತೆ ಜೀವ. ಅವನ ಹೆಂಡತಿ ಶೇವಂತಾಬಾಯಿ ನನ್ನನ್ನು ನೋಡಿದವಳೇ "ಬಾ ಪೇಪರಿನಾಕಿ, ನಮ್ಮ ಪಂಪ್ ಕೆಟ್ಟದ್ದೂ ಛಾಪಸ್ತಿ ಏನು?" ಎಂದು ಕಾಲೆಳೆದಳು. ಪಂಪು ಶುರುವಾಯಿತು, ನೀರು ಬಂತು. ಚಹಾ ಆದ ಮೇಲೆ ನಿಲ್ಲಿಸಲು ಹೋದಳು. ನನ್ನ ಕಡೆ ಮುಖ ಮಾಡಿ ಸೊಸೆಯ ವಿಷಯ ಹೇಳುತ್ತಲೇ ಕೈ ಕೆಳಗೆ ಬಿಟ್ಟು ಕಾಕ್ ತಿರುಗಿಸಿದಳು. ನೀರು ಇನ್ನೂ ಭರದಿಂದ ಬೀಳುತ್ತಿತ್ತು, ಎಂಜಿನ್ ಪೂರ್ತಿ ಜೋರಿನಲ್ಲಿತ್ತು. ಸ್ವಲ್ಪ ಬಿಟ್ಟು ನಿಲ್ಲಿಸಿದಳು. ರೇಶನ್ ಘಾಸ್ಲೇಟು ಬಂದ್ ಆಗಿ ಎಷ್ಟು ಕಾಲವಾಯಿತು, ಈಗ ಎರಡೂ ಟ್ಯಾಂಕಿನಲ್ಲಿ ಪೆಟ್ರೋಲೇ ಅಲ್ಲವೇ, ಮತ್ತೆ ಕಾಕ್ ಯಾಕೆ ತಿರುಗಿಸಿದಿ ಎಂದು ಕೇಳಿದೆ. ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡು ನಕ್ಕಳು. "ನಾ ಎಲ್ಲಿ ತಿರಗಿಸೀನವ್ವ, ಕೈ ತಿರಗಸ್ತು." ದೇವಿದಾಸ ಕಾಕಾ ಕಟ್ಟೆಯ ಮೇಲಿಂದ "ಮಾತ ಹಾಂಗೇ ಅದ ಆಕಿದು, ಕೇಳದೇ ತಿರಗತದ" ಎಂದ. ಎಲ್ಲರೂ ನಕ್ಕರು, ಮಾವನವರೂ ನಕ್ಕರು. ನನಗೆ ನಗಲು ಆಗಲಿಲ್ಲ. ಕೆಂಪು ಬಾವುಟ ಅಲ್ಲಿ ನೆಟ್ಟದ್ದು ಯಾಕೆ ಎಂದು ನೀವು ಒಮ್ಮೆ ಹೇಳಿದ್ದು ನೆನಪಾಗಿತ್ತು. ಶಿಖರ ಹತ್ತಿರ ಬಂತು ಎಂಬ ಗುರುತಿಗೆ.

ಗ್ಯಾರೇಜಿಗೆ ಬಂದು ನೀವು ಕಳಿಸಿದ ಎರಡನೇ ಓಟದ ವಿಡಿಯೋ ತೆಗೆದೆ. ಮಾವನವರು ಅದನ್ನು ಎಷ್ಟೋ ಸಲ ಕಣ್ಣು ಮುಚ್ಚಿ ಕೇಳಿದ್ದರು. ಹಳೆಯ ಮೆಕ್ಯಾನಿಕ್ ಉಸ್ತಾದರ ಪದ್ಧತಿಯೇ ಅದು, ಎಂಜಿನ್ನಿಗೆ ಕಿವಿ ಕೊಡುವುದು. ನಾನು ಧ್ವನಿ ಬಂದ್ ಮಾಡಿ, ಈಗ ಬರೀ ನೋಡಿರಿ, ಗಾಡಿ ಬೇಡ, ಮುಷ್ತಾಕನ ಎಡಗೈ ನೋಡಿರಿ ಎಂದೆ. ಕೆಂಪು ಬಾವುಟದ ಎದುರಿಗೆ ಬಂದಾಗ ಆ ಕೈ ಹಿಡಿಕೆ ಬಿಟ್ಟು ಕೆಳಗೆ ಹೋಗುತ್ತದೆ, ತಿರುಗುತ್ತದೆ, ಮೇಲೆ ಬರುತ್ತದೆ. ಬಲಗೈ ಪೂರ್ತಿ ವೇಗದಲ್ಲೇ ಇದೆ. ಐದಾರು ಉಸಿರಿನ ನಂತರ ಗಾಡಿ ನಿಲ್ಲುತ್ತದೆ. ನೀವೇ ಅವರಿಗೆ ಹೇಳಿಕೊಟ್ಟಿದ್ದೀರಿ, ಬಾವುಟ ಬಂದಾಗ ಪೆಟ್ರೋಲಿಗೆ ತಿರುಗಿಸು, ಇಲ್ಲದಿದ್ದರೆ ಶಿಖರದಲ್ಲಿ ಆರಿದ ಎಂಜಿನ್ ಗಾಳಿಯಲ್ಲಿ ಮತ್ತೆ ಹತ್ತುವುದಿಲ್ಲ ಎಂದು. ಕಾರಣ ಸರಿಯಾದದ್ದೇ. ಆದರೆ ಆ ಐದಾರು ಉಸಿರಿನಷ್ಟರಲ್ಲಿ ಕಾರ್ಬುರೇಟರಿನಲ್ಲಿ ಉಳಿದ ಮಿಶ್ರಣ ಖರ್ಚಾಗಿ, ಕಡಿದಾದ ಜಾಗದಲ್ಲಿ, ಉಜ್ಜಿದ ತಲೆಯ ಎಂಜಿನ್ನಿಗೆ ಬರೀ ಪೆಟ್ರೋಲು ಹೋಗುತ್ತದೆ.

ಮಾವನವರು ಫೋನು ಕೆಳಗಿಟ್ಟರು. ಸ್ಟೂಲು ಹತ್ತಿ ತಂತಿಯಿಂದ ಎರಡೂ ಪಿಸ್ಟನ್ ಇಳಿಸಿದರು, ಅವರೇ ಇಳಿಸಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಬಾಗಿಲಿಗೆ ಬಂದು ಅಂಚು ಹಿಡಿದು ನೋಡಿದರು, ಬೆರಳು ಆಡಿಸಿದರು. "ಎಣ್ಣಿ ಕಮ್ಮಿ ಆದ್ರ ನಡುವ ಕರಗಬೇಕು, ಮೇಣದ ಹಾಂಗ. ಇದು ಅಂಚಿಗೆ ಇಲಿ ಕಡದಾಂಗ ಕಡದದ. ಒಳಗ ಬಡದದ ಇದಕ್ಕ." ಎರಡರಲ್ಲೂ ಅದೇ, ಪೆಟ್ರೋಲು ತಾನಾಗಿ ಸಿಡಿದು ಬಡಿದ ಗುರುತು. ಮೊದಲನೆಯದರಲ್ಲಿ ಅಂಚೇ ಹಾರಿಹೋಗಿದ್ದರಿಂದ ಉಳಿದ ಚುಕ್ಕೆಗಳ ಕಡೆ ಯಾರ ಲಕ್ಷ್ಯವೂ ಹೋಗಿರಲಿಲ್ಲ. ಮಾಲೀಕರಿಗೆ ತಿಳಿಸಿ ಹೇಳಲು ಅವರ ಇನ್ನೊಂದು ಮಾತು ಸಾಕು. "ಪಂಪಿನಾಗ ಒತ್ತಡ ತಡಿಯಾಕ ಪೆಟ್ರೋಲು ದೊಡ್ಡದು, ಘಾಸ್ಲೇಟು ಸಣ್ಣದು, ಯಾವಾಗ ತಿರಗಿಸಿದ್ರೂ ನಡೀತದ. ಆ ಗಾಡ್ಯಾಗ ಪೆಟ್ರೋಲೇ ಘಾಸ್ಲೇಟು. ಜೋರಿನಾಗ ತಿರಗಿಸಿದ್ರ ಒಡೀತದ." ಆಮೇಲೆ ಮೆಟ್ಟಿಲ ಮೇಲೆ ಕೂತರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. "ನಿಲ್ಲಸೂಕಿಂತ ಮೊದ್ಲ ತಿರಗಸು ಅಂತ ಅಂವಗ ನಾನೇ ಕಲಿಸಿದ್ದು. ಮರ್ತಾಗೆಲ್ಲ ಸ್ಪ್ಯಾನರ್‌ಲೆ ಗೆಣ್ಣಿಗೆ ಕೊಟ್ಟೀನಿ. ಈಗ ಮರೀ ಅಂದ್ರ ಆ ಕೈ ಮರೀತದ?" ಎಂದರು. ಅವರು ಹಾಗೆ ಕೂತದ್ದನ್ನು ನೀವು ಇಲ್ಲಿ ಇದ್ದು ನೋಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಏನು ಹೇಳುತ್ತೀರಿ ಎಂದು ನನಗೆ ಗೊತ್ತು. ಕಾರಣ ತಿಳಿಯಿತಲ್ಲ, ಇನ್ನು ಶಿಖರ ಮುಟ್ಟಿ ವೇಗ ಇಳಿಸಿದ ಮೇಲೆಯೇ ತಿರುಗಿಸುತ್ತೇನೆ, ಕಾಕ್ ಇರಲಿ ಎನ್ನುತ್ತೀರಿ. ಎಂಜಿನ್ನಿನ ಲೆಕ್ಕದಲ್ಲಿ ಅದು ಸರಿ ಎಂದು ಮಾವನವರೂ ಒಪ್ಪುತ್ತಾರೆ. ಆದರೆ ಮುಷ್ತಾಕ್ ಭಾಯಿ ಆ ಅಭ್ಯಾಸವನ್ನು ಈ ಚಳಿಗಾಲದಲ್ಲಿ ಕಲಿತವರು. ನೀವು ಹತ್ತು ವರ್ಷದವರಿದ್ದಾಗಿನಿಂದ ಕಲಿತಿದ್ದೀರಿ. ಗುಡ್ಡದ ಮೇಲೆ, ಗಾಳಿಯಲ್ಲಿ, ಎದುರಿಗೆ ಬಾವುಟ ಕಂಡಾಗ ನಿಮ್ಮ ಎಡಗೈ ಶೇವಂತಾಬಾಯಿಯ ಕೈಗಿಂತ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂದು ನನಗೆ ನಂಬಿಕೆ ಇಲ್ಲ. ಹೀಗಾಗಿ ಕಾಕ್ ಇರಬಾರದು. ಸಣ್ಣ ಟ್ಯಾಂಕೂ ಇರಬಾರದು. ದೊಡ್ಡ ಟ್ಯಾಂಕಿನ ಮಿಶ್ರಣ ಒಂದೇ, ನೇರ ಪೈಪು, ಜೆಟ್ ಈಗ ಹಾಕಿದ ದೊಡ್ಡದೇ ಇರಲಿ, ಎಣ್ಣೆ ಸರಿಯಾಗಿ ಇಳಿಯುತ್ತಿದೆಯೇ ಎಂದು ಪ್ಲಗ್ಗಿನ ಬಣ್ಣವನ್ನು ಆ ಮಿಶ್ರಣದಲ್ಲೇ ಓಡಿಸಿ ನೋಡಿ. ಶುರು ಮಾಡುವಾಗ ಪ್ಲಗ್ ಬಿಚ್ಚಿ ನಾಲ್ಕು ಹನಿ ಪೆಟ್ರೋಲು ಬಿಡಬೇಕು, ಆರಿದರೆ ಶಿಖರದಲ್ಲೂ ಅದೇ. ಅದಕ್ಕೆಂದು ಮೂತಿ ಉದ್ದನೆಯ ಚಿಕ್ಕ ಬಾಟಲಿಯನ್ನು ಮಾವನವರು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಅಂಗಿಯ ಒಳಕಿಸೆಯಲ್ಲಿ ಹಿಡಿಸುತ್ತದೆ, ಮುಚ್ಚಳ ಬಿಗಿ ಇರಲಿ, ಬೀಡಿಯವರ ಹತ್ತಿರ ಹೋಗಬೇಡಿ. ಮೇಲೆ ಬೆರಳು ಸೆಟೆದಾಗ ಪ್ಲಗ್ ಬಿಚ್ಚುವುದು ಎಷ್ಟು ಕಷ್ಟ ಎಂದು ನನಗೆ ಅರ್ಥವಾಗುತ್ತದೆ. ಅಲ್ಲಿ ಎಂಜಿನ್ ಹತ್ತದಿದ್ದರೆ ನಡೆದು ಇಳಿದು ಬನ್ನಿ. ಶಿಖರ ಮುಟ್ಟಿದರೆ ಆರೂ ಗಾಡಿಗಳ ವರ್ಷದ ಕೆಲಸ ನಿಮ್ಮ ಕೈಗೆ ಕೊಡುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ, ಅದು ನಿಮ್ಮ ತಲೆಯಲ್ಲಿ ಎಷ್ಟು ಕೂತಿದೆ ಎಂದೂ ಗೊತ್ತು. ಮುಟ್ಟಿ ಎಂದೇ ನಾನು ಹೇಳುತ್ತಿದ್ದೇನೆ. ಗಾಡಿ ನಿಮ್ಮ ಮೇಲೆ ಉರುಳಬಾರದು ಎಂದು ಹೇಳುತ್ತಿದ್ದೇನೆ.

ಮಾವನವರ ಕಾಕ್ ತೆಗೆದರೆ ಅವರ ಮನಸ್ಸಿಗೆ ನೋವಾದೀತು ಎಂದು ಹಿಂಜರಿಯಬೇಡಿ. ಚಹಾದಂಗಡಿಯಲ್ಲಿ ಯಾರೋ ಇವತ್ತು ಕಾಕಿನ ಸುದ್ದಿ ಎತ್ತಿದರಂತೆ. "ಅದು ಹೊಲಕ್ಕ ಚಂದ, ಗುಡ್ಡಕ್ಕ ಅಲ್ಲ" ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟು ಬಂದಿದ್ದಾರೆ. ನಿಮ್ಮ ಎರಡೂ ಪಿಸ್ಟನ್ ಮತ್ತೆ ತಂತಿಗೆ ಏರಿವೆ. ಅವುಗಳನ್ನು ಇಳಿಸಲು ನೀವೇ ಬರಬೇಕು, ಬೇರೆ ಯಾರ ಕೈಗೂ ಅವರು ಸ್ಟೂಲು ಕೊಡುವುದಿಲ್ಲ.

ಅತ್ತೆ-ಮಾವನವರ ಆಶೀರ್ವಾದ ಇದರೊಂದಿಗಿದೆ. ಬಿಸಿನೀರು ಕುಡಿಯಿರಿ, ಕಿವಿ ಮುಚ್ಚಿಕೊಳ್ಳಿ. ಮುಷ್ತಾಕ್ ಭಾಯಿಗೆ ಸಲಾಮು.

ನಿಮ್ಮ,
ಪೂನಂ

ಮರೆತ ಮಾತು: ಗಾಡಿಗೆ ಕೂಡಿಸಲು ನೀವು ಕಾಯುತ್ತಿರುವ ಹೊಸ ಪಿಸ್ಟನ್ನನ್ನು ಮಾವನವರು ಪೆಟ್ಟಿಗೆಯಲ್ಲಿ ಇಟ್ಟು ಮೊಳೆ ಹೊಡೆದಿದ್ದರು. ನಾನು ಮೊಳೆ ಕಿತ್ತು ಅದನ್ನು ಹೊರಗೆ ತೆಗೆದಿದ್ದೇನೆ, ಅವರಿಗೆ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಹುಡುಕಬೇಡಿ. ಪಿಸ್ಟನ್ ಗಯಾಸುದ್ದೀನ್ ಚಾಚಾನ ಕೋಟಿನ ಕಿಸೆಯಲ್ಲಿದೆ. ಪುಣೆಯಿಂದ ಬಂದದ್ದು ಅದೊಂದೇ, ಭಾನುವಾರದೊಳಗೆ ಬೇರೆಲ್ಲೂ ಸಿಗುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಹಿತ್ತಾಳೆ ಕಾಕ್ ಬಿಚ್ಚಿ, ತೊಳೆದು, ಒರೆಸಿ ಚಾಚಾನ ಕೈಗೆ ಕೊಟ್ಟ ಮೇಲೆಯೇ ಅವರು ಪಿಸ್ಟನ್ ಕೊಡುತ್ತಾರೆ. "ಬೇಟಿ, ಅಂವ ಕಾಲ್ ಬಿದ್ರೂ ಕಾಕ್ ಬರೂತನಕ ಕಿಸೆ ಬಿಚ್ಚಂಗಿಲ್ಲ" ಎಂದು ಮಾತು ಕೊಟ್ಟಿದ್ದಾರೆ. ಕಾಕ್ ಬರದಿದ್ದರೆ ಪಿಸ್ಟನ್ ಅವರ ಜೊತೆ ಹುಮನಾಬಾದಿಗೆ ವಾಪಸು ಬರುತ್ತದೆ. ಚಾಚಾ ಶನಿವಾರ ಮಧ್ಯಾಹ್ನ ನಿಮ್ಮ ಶೆಡ್ಡಿಗೆ ಬರುತ್ತಾರೆ. ಓಟ ಭಾನುವಾರ ಬೆಳಿಗ್ಗೆ ಹತ್ತಕ್ಕೆ.